ಮುಳ್ಳಕ್ಕ ಮತ್ತು ವೋಲ್ಟು ಕುಡಿಯೋ ಮೀಟರು

ಮುಳ್ಳಕ್ಕ ಅಂದ ತಕ್ಷಣ ಮಾತಲ್ಲಿ ಚುಚ್ಚೋ ಹೆಂಗಸು ಅಂದ್ಕೋಬೇಡಿ. ಹಳೇ ಕಾಲದ ಮೀಟರಲ್ಲಿ ಗಡಿಯಾರದ ಹಾಗೆ ಒಂದು ಮುಳ್ಳು ಓಡಾಡ್ತಿತ್ತಲ್ಲ, ಅದನ್ನ ಒಂದು ಕಣ್ಣು ಮುಚ್ಚಿ ನೋಡಿ ವೋಲ್ಟು ಎಷ್ಟು ಅಂತ ಹೇಳೋ ಕೆಲಸಕ್ಕೆ ಸೇರಿದೋಳು ಅವಳು. ಆಮೇಲೆ ಮುಳ್ಳಿನ ಮೀಟರ್ ಹೋಯ್ತು, ಅಂಕಿ ತೋರಿಸೋ ಮೀಟರ್ ಬಂತು. ಅಂಕಿ ಮೀಟರಿಗೆ ಹಿಂದುಗಡೆಯಿಂದ ಒಂದು ಕಂಪ್ಯೂಟರೂ ಅಂಟಿಕೊಳ್ತು. ಅವಳ ತಲೆಗೂದಲು ಅರ್ಧ ಬೆಳ್ಳಗಾಯ್ತು, ಮಗಳ ಮದುವೆ ಆಯ್ತು. ಹೆಸರು ಮಾತ್ರ ಮುಳ್ಳಕ್ಕ ಅಂತಾನೇ ಉಳ್ಕೊಂಡುಬಿಡ್ತು.

ಅವಳು ಕೆಲಸ ಮಾಡೋದು ಎರಡು ಮಹಡಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಕೆಳಗೆ ಕಂಪ್ರೆಸರು, ಪ್ಯಾಕಿಂಗು. ಮೇಲೆ ಬೆಸುಗೆ ಹಾಕೋರ ಉದ್ದನೆ ಟೇಬಲ್ಲು, ಅದರ ಪಕ್ಕದಲ್ಲೇ ಗಾಜಿನ ಗೋಡೆ ಇರೋ ಟೆಸ್ಟ್ ರೂಮು. ಅಲ್ಲಿ ತಯಾರಾಗೋದು ಒಂದು ಸೋಜಿಗದ ಸಾಮಾನು. ಅಂಗೈಯಗಲದ ಡಬ್ಬಿ, ಅದಕ್ಕೊಂದು ಹೆಡ್‌ಫೋನು. ಡಬ್ಬೀನ ರಸ್ತೆ ಮೇಲೆ ಇಟ್ಟು ಹೆಡ್‌ಫೋನ್ ಹಾಕ್ಕೊಂಡ್ರೆ ನೆಲದೊಳಗೆ ನೀರಿನ ಪೈಪು ಎಲ್ಲಿ ಸೋರ್ತಿದೆ ಅಂತ ಕೇಳಿಸುತ್ತೆ. ಅಗೆಯೋ ಮುಂಚೇನೇ ಗೊತ್ತಾಗುತ್ತೆ. ಕಾರ್ಖಾನೆಯಲ್ಲಿ ಅದನ್ನ ಯಾರೂ ಉದ್ದುದ್ದ ಹೆಸರಿಟ್ಟು ಕರೆಯಲ್ಲ, 'ಕಿವಿ' ಅಂತಾರೆ ಅಷ್ಟೇ. "ಇನ್ನೊಂದು ಟ್ರೇ ಕಿವಿ ಕೊಡು." "ಆ ಕಿವಿ ಎತ್ತಿ ಆ ಕಡೆ ಇಡು, ಕಾಲಿಗೆ ಸಿಗುತ್ತೆ." ಹೊಸದಾಗಿ ಸೇರಿದೋರು ಇದನ್ನ ಕೇಳಿ ಒಂದು ಸಲ ತಮ್ಮ ಕಿವಿ ಮುಟ್ಟಿ ನೋಡ್ಕೊಳ್ತಾರೆ.

ಆ ಕಿವಿಗಳಿಗೆ ಬೆಸುಗೆ ಹಾಕೋಳು ಮುಳ್ಳಕ್ಕನ ಸ್ವಂತ ತಂಗಿ. ಅವಳು ಹಾಕಿದ ಬೆಸುಗೆ ನೋಡ್ಬೇಕು ನೀವು. ಸೀಸ ಕರಗಿ ಕೂತ ಜಾಗ ದುಂಡಗೆ, ಹೊಳೀತಾ, ಕತ್ತಲಲ್ಲಿ ಚುಕ್ಕಿ ಮೂಡಿದ ಹಾಗಿರುತ್ತೆ. ಅದಕ್ಕೇ ಎಲ್ರೂ ಅವಳನ್ನ ಚುಕ್ಕಿ ಅಂತಾರೆ. ಅಕ್ಕ ತಂಗಿ ಇಬ್ರೂ ಒಂದೇ ಮನೆ, ಒಂದೇ ಒಲೆ. ಬೆಳಗ್ಗೆ ಒಂದೇ ಬಸ್ಸಲ್ಲಿ ಬರೋದು, ದಾರಿ ಪೂರ್ತಿ ಜಗಳ ಆಡ್ಕೊಂಡೇ ಬರೋದು. ಅಕ್ಕ ಅಳೆದು ತೂಗಿ ಮಾತಾಡೋಳು. ತಂಗಿಗೆ ಬಾಯಿಗೆ ಬಂದಿದ್ದೇ ಮಾತು.

ಈ ಚುಕ್ಕಿ ಕಣ್ಣಿಗೆ ಪೊರೆ ಬಂತು ಅಂತ ಆಪರೇಷನ್ ಮಾಡಿಸ್ಕೊಂಡಳು. ಕೆಲವು ವಾರ ರಜ ಹಾಕಿ, ಕಪ್ಪು ಕನ್ನಡಕದಲ್ಲಿ ಸಿನಿಮಾದವಳ ಹಾಗೆ ಮನೇಲಿ ಕೂತಿದ್ದು, ಆಮೇಲೆ ವಾಪಸ್ ಬಂದಳು. ಬಂದ ವಾರಾನೇ ಕಾರ್ಖಾನೆಯಲ್ಲಿ ಹೊಸ ಮಾದರಿ ಕಿವಿ ಶುರುವಾಯ್ತು. ಹಳೇದಕ್ಕಿಂತ ಇನ್ನೂ ಸೂಕ್ಷ್ಮ, ಇನ್ನೂ ಆಳದ ಸದ್ದು ಹಿಡಿಯುತ್ತಂತೆ. ಹಳೇ ಕಿವಿಯೊಳಗಿನ ಸರ್ಕ್ಯೂಟ್ ಬೋರ್ಡಲ್ಲಿ ಒಂದು ಜಾಗದಲ್ಲಿ ಒಂಬತ್ತು ವೋಲ್ಟು ಇರ್ಬೇಕಿತ್ತು. ಹೊಸದರಲ್ಲಿ ಅದೇ ಜಾಗದಲ್ಲಿ ಹನ್ನೆರಡೂವರೆ.

ಮುಳ್ಳಕ್ಕನ ಕೆಲಸ ಸುಲಭ. ಬೋರ್ಡನ್ನ ಅಲ್ಲಾಡದ ಹಾಗೆ ಹಿಡಿಯೋ ಅಚ್ಚಿನಲ್ಲಿ ಕೂರಿಸೋದು, ಮೀಟರಿನ ಎರಡು ಮೊನೆ ತಾಗಿಸೋದು, ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತೋದು. ಮಿಕ್ಕಿದ್ದೆಲ್ಲಾ ಪ್ರೋಗ್ರಾಮೇ ನೋಡ್ಕೊಳ್ಳುತ್ತೆ. ಅದು ಮೀಟರಿಗೆ ಹುಕುಂ ಕೊಡುತ್ತೆ, ಮೀಟರು ಅಳೆದು ಹೇಳುತ್ತೆ, ಹಸಿರು ಬಂದ್ರೆ ಪಾಸು, ಕೆಂಪು ಬಂದ್ರೆ ಫೇಲು.

ಹೊಸ ಕಿವಿಯ ಮೊದಲನೇ ಟ್ರೇ ಪೂರ್ತಿ ಕೆಂಪು.

ಬರೀ ಕೆಂಪು ಬಂದಿದ್ರೆ ಒಂದು ಲೆಕ್ಕ. ಅಂಕಿಗಳು ಕುಣೀತಿದ್ವು. ಅದೇ ಬೋರ್ಡು, ಒಂದು ಸಲ ಹತ್ತು ಚಿಲ್ಲರೆ, ಇನ್ನೊಂದು ಸಲ ಹನ್ನೊಂದೂವರೆ, ಮತ್ತೆ ಹತ್ತಕ್ಕಿಂತ ಕೆಳಗೆ. ಹನ್ನೆರಡೂವರೆ ಮಾತ್ರ ಬರೋದೇ ಇಲ್ಲ. ಈ ಕೆಲಸದಲ್ಲಿ ಇರೋರು ಯಾರನ್ನ ಕೇಳಿದ್ರೂ ಹೀಗೆ ಅಂಕಿ ಕುಣಿದ್ರೆ ಒಂದೇ ಅರ್ಥ ಹೇಳ್ತಾರೆ. ಬೆಸುಗೆ ಸರಿಯಾಗಿ ಕೂತಿಲ್ಲ. ಮೇಲೆ ನೋಡೋಕೆ ಅಂಟಿದೆ, ಒಳಗೆ ಬಿಟ್ಟಿದೆ. ಹಾಕಿದೋರ ಕೈ ನಡುಗಿದೆ, ಇಲ್ಲಾ ಕಣ್ಣು ಕಂಡಿಲ್ಲ.

ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ರೂ ಚುಕ್ಕಿ ಕಣ್ಣನ್ನ ಮಾತ್ರ ನೋಡಿದ್ರು.

ಎರಡನೇ ಟ್ರೇನೂ ಕೆಂಪಾದಾಗ ಓನರ್ ಮೇಲೆ ಬಂದ. ಕೆಟ್ಟವನಲ್ಲ ಆತ. ಹೆಂಗಸರ ಹತ್ತಿರ ಕಷ್ಟದ ಮಾತು ಆಡೋವಾಗ ಜೇಬಿಂದ ಪೆನ್ನು ತೆಗೆದು ಮುಚ್ಚಳ ತೆಗೆದು ಹಾಕಿ ಮಾಡ್ತಾನೆ, ಅಷ್ಟು ಮುಜುಗರ ಅವನಿಗೆ. ಅವತ್ತು ಆ ಮುಚ್ಚಳಕ್ಕೆ ಬಿಡುವೇ ಇರಲಿಲ್ಲ.

"ಚುಕ್ಕಿ ಅವ್ರೇ, ತಪ್ಪು ತಿಳ್ಕೋಬೇಡಿ. ಕಣ್ಣಿಗೆ ಇನ್ನೂ ರೆಸ್ಟ್ ಬೇಕೇನೋ. ಸ್ವಲ್ಪ ದಿನ ಕೆಳಗೆ ಪ್ಯಾಕಿಂಗಲ್ಲಿ ಕೂತ್ಕೊಳ್ಳಿ. ಈ ಟೇಬಲ್ಲಿಗೆ ಬೇರೆಯವ್ರನ್ನ ನೋಡ್ತೀನಿ."

"ಸ್ವಲ್ಪ ದಿನ ಅಂದ್ರೆ ಎಷ್ಟು ಸಾರ್? ನಾನು ಡಬ್ಬಿಗೆ ಟೇಪ್ ಸುತ್ತೋದು ಕಲಿಯೋವರೆಗೂನಾ, ಮರೆಯೋವರೆಗೂನಾ?"

"ಹಾಗಲ್ಲ..."

"ಹಾಗೇ ಸಾರ್. ಈ ಟೇಬಲ್ ಬಿಟ್ಟು ಎದ್ರೆ ನಾನು ಕೆಳಗೆ ಇಳಿಯೋದು ಪ್ಯಾಕಿಂಗಿಗಲ್ಲ, ಗೇಟಿಗೆ."

ಓನರ್ ಮುಳ್ಳಕ್ಕನ ಕಡೆ ನೋಡಿದ. ಮುಳ್ಳಕ್ಕ ಮೀಟರ್ ಕಡೆ ನೋಡಿದಳು. "ಸಾಯಂಕಾಲದವರೆಗೂ ಟೈಮ್ ಕೊಡಿ ಸಾರ್, ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ" ಅಂದಳು. ಆತ ಆಗ್ಲಿ ಅಂತ ತಲೆ ಆಡಿಸಿ ಇಳಿದು ಹೋದ.

ಈಗ ಮುಳ್ಳಕ್ಕನ ಸಂಕಟ ನೋಡಿ. ತಂಗಿಯನ್ನ ಉಳಿಸಬೇಕು. ಆದ್ರೆ ಫೇಲ್ ಆಗಿದ್ದನ್ನ ಪಾಸ್ ಅನ್ನೋ ಜಾತಿಯವಳಲ್ಲ ಅವಳು. ಹೇಳಿದ್ರೆ ಚುಕ್ಕಿನೇ ಅದನ್ನ ಒಪ್ಪಲ್ಲ, ಅಕ್ಕನ ಮುಖಕ್ಕೆ ಟ್ರೇ ಎಸೀತಾಳೆ. ಇನ್ನೂ ಒಂದು ವಿಷಯ ಇತ್ತು, ಅದನ್ನ ಅವಳು ತನಗೆ ತಾನೇ ಹೇಳ್ಕೊಳ್ಳೋಕೂ ಹಿಂಜರೀತಿದ್ಲು. ಎರಡು ದಿನದಿಂದ ಊಟಕ್ಕೆ ಕೂತಾಗ ತಂಗಿ ಲೋಟ ಎತ್ತೋ ಕೈಯನ್ನ ಓರೆಗಣ್ಣಲ್ಲಿ ನೋಡ್ತಿದ್ಲು. ನಡುಗ್ತಿದೆಯಾ ಅಂತ.

ಭೂತಗನ್ನಡಿ ತಗೊಂಡು ಫೇಲ್ ಆದ ಬೋರ್ಡುಗಳನ್ನ ಒಂದೊಂದಾಗಿ ನೋಡಿದಳು. ಬೆಸುಗೆ ಎಲ್ಲಾ ಚುಕ್ಕಿ ಚುಕ್ಕಿ, ಎಲ್ಲೂ ಒಂದು ಬಿರುಕಿಲ್ಲ. ಆದ್ರೂ ಅಚ್ಚಿನಲ್ಲಿ ಕೂರಿಸಿದ ತಕ್ಷಣ ಅಂಕಿ ಕುಣಿಯೋಕೆ ಶುರು. ಮೀಟರನ್ನ ತಾನೇ ಕೈಯಿಂದ ತಿರುಗಿಸಿ ನೋಡೋಣ ಅಂತ ಅದರ ಮುಂದಿನ ಗುಂಡಿ ಒತ್ತಿದಳು. ಮೀಟರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದು ಒಂದು ಸಲ ಕಂಪ್ಯೂಟರಿನ ಕೈಗೆ ಹೋದ್ರೆ ಮನುಷ್ಯರ ಬೆರಳಿಗೆ ಬಗ್ಗಲ್ಲ. ಹೊಸ ಮದುಮಗನ ಹಾಗೆ, ಒಬ್ರ ಮಾತು ಬಿಟ್ಟು ಇನ್ನೊಬ್ರ ಮಾತು ಕಿವಿಗೇ ಹಾಕ್ಕೊಳ್ಳಲ್ಲ.

ಅಷ್ಟೊತ್ತಿಗೆ ಊಟದ ಹೊತ್ತಾಯ್ತು. ಎಲ್ರೂ ಕೆಳಗೆ ಹೋದ್ರು. ಕಂಪ್ರೆಸರ್ ನಿಲ್ಲಿಸಿದ್ರು. ಬೆಳಗ್ಗಿಂದ ಗುರ್ ಅಂತಿದ್ದ ಕಟ್ಟಡ ಒಂದೇ ಸಲ ಉಸಿರು ಬಿಟ್ಟು ಸುಮ್ಮನಾಯ್ತು. ಮುಳ್ಳಕ್ಕನಿಗೆ ಊಟ ಬೇಡವಾಗಿತ್ತು. ಒಬ್ಬಳೇ ಕೂತು ಮತ್ತೊಂದು ಸಲ ಕಂಪ್ಯೂಟರಿನ ಗುಂಡಿ ಒತ್ತಿದಳು.

ಟಿಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್. ಆಮೇಲೆ ಟಿಕ್. ಮತ್ತೆ ಟಿಕ್.

ಸದ್ದು ಮೀಟರಿನ ಹೊಟ್ಟೆಯೊಳಗಿಂದ ಬರ್ತಿತ್ತು. ಅವಳು ಬಗ್ಗಿ ಕಿವಿ ಇಟ್ಟಳು. ಒಳಗೆ ಯಾರೋ ಒಂದು ಬಾಗಿಲು ತೆಗೆದು ನೋಡಿ, ಇದಲ್ಲ ಅಂತ ಮುಚ್ಚಿ, ಇನ್ನೊಂದು ತೆಗೆದು, ಅದೂ ಅಲ್ಲ ಅಂತ ವಾಪಸ್ ಬಂದ ಹಾಗೆ. ನಿಲ್ಲಿಸೋದೇ ಇಲ್ಲ. ಅವಳು ಒಂದು ಹಳೇ ಮಾದರಿ ಬೋರ್ಡು ತಂದು ಇಟ್ಟು ನೋಡಿದಳು. ಸದ್ದೇ ಇಲ್ಲ, ಸಟ್ಟಂತ ಒಂಬತ್ತು ವೋಲ್ಟು, ಅಲ್ಲಾಡಲಿಲ್ಲ. ಮತ್ತೆ ಹೊಸದು ಇಟ್ಟಳು. ಟಿಕ್, ಟಿಕ್, ಟಿಕ್. ಅಂಕಿ ಕುಣಿಯೋದಕ್ಕೂ ಟಿಕ್ ಅನ್ನೋದಕ್ಕೂ ತಾಳ ಸೇರ್ತಿತ್ತು.

ಬೆಸುಗೆ ಕೆಟ್ಟಿದ್ರೆ ಮೀಟರ್ ಹೊಟ್ಟೇಲಿ ಯಾಕೆ ಸದ್ದು ಬರುತ್ತೆ? ಮುಳ್ಳಕ್ಕ ಫೋನ್ ತಗೊಂಡು ಅಳಿಯನಿಗೆ ಮಾಡಿದಳು.

ಅಳಿಯ ಅಂದ್ರೆ ಮಗಳ ಗಂಡ, ಲಿಫ್ಟ್ ರಿಪೇರಿ ಮಾಡೋನು. ಲಿಫ್ಟಿನ ಪೆಟ್ಟಿಗೆಗೆ ಬುದ್ಧಿ ತುಂಬೋದೂ ಅವನಿಗೆ ಗೊತ್ತು, ಹಾಗಾಗಿ ಒಂದು ಭಾನುವಾರ ಬಂದು ಈ ಮೀಟರಿನ ಪ್ರೋಗ್ರಾಮೂ ಅವನೇ ಬರೆದುಕೊಟ್ಟಿದ್ದ. ಒಳ್ಳೇ ಹುಡುಗ. ಆದ್ರೆ ಅತ್ತೆ ಅಳಿಯನ ಮಧ್ಯೆ ಮರ್ಯಾದೆ ಅನ್ನೋದು ಎಷ್ಟು ದಪ್ಪ ಇತ್ತು ಅಂದ್ರೆ, ಒಬ್ರು ಕೂತಿದ್ರೆ ಇನ್ನೊಬ್ರು ನಿಂತೇ ಇರ್ತಿದ್ರು.

"ಅತ್ತೆ, ಹೇಳಿ ಅತ್ತೆ" ಅಂದ ಅವನು. ಹಿಂದುಗಡೆ ಗಾಳಿ ಬೀಸೋ ಸದ್ದು. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ತಲೆ ಮೇಲೆ ಕೂತಿದ್ದ.

"ಊಟ ಆಯ್ತಾ?"

"ಆಯ್ತು ಅತ್ತೆ. ನಿಮ್ದು?"

"ಆಯ್ತು" ಅಂತ ಸುಳ್ಳು ಹೇಳಿದಳು. "ಏನೂ ಅಂದ್ಕೋಬೇಡಿ, ಈ ಮೀಟರು ಸ್ವಲ್ಪ ಟಿಕ್ ಟಿಕ್ ಅಂತಿದೆ. ಪ್ರೋಗ್ರಾಮ್ ಚೆನ್ನಾಗೇ ಇದೆ, ಅದರಲ್ಲಿ ಏನೂ ತಪ್ಪಿಲ್ಲ. ಸುಮ್ನೆ ತಿಳ್ಕೊಳ್ಳೋಣ ಅಂತ ಕೇಳಿದೆ."

"ಇಲ್ಲ ಅತ್ತೆ, ಪ್ರೋಗ್ರಾಮಲ್ಲೇ ಏನಾದ್ರೂ ಇರ್ಬಹುದು. ನೀವು ನಡೆಸೋದು ಸರಿಯಾಗೇ ಇರುತ್ತೆ."

"ಛೆ ಛೆ, ನನ್ನದೇ ಏನೋ ಇರುತ್ತೆ."

"ಹಾಗೆಲ್ಲಾ ಇರಲ್ಲ ಅತ್ತೆ."

ಹೀಗೇ ಒಬ್ರ ಮೇಲೊಬ್ರು ಹೂವು ಎರಚ್ತಾ ಇದ್ರು. ಅಷ್ಟರಲ್ಲಿ ಹಿಂದುಗಡೆಯಿಂದ ಒಂದು ಕೈ ಬಂದು ಫೋನನ್ನ ಸ್ಪೀಕರಿಗೆ ಹಾಕ್ತು. ಚುಕ್ಕಿ ಮೆಟ್ಟಿಲು ಹತ್ತಿ ಬಂದಿದ್ಳು.

"ರೀ ಅಳಿಯಂದ್ರೇ, ನಾನು ಚಿಕ್ಕತ್ತೆ. ನೀವಿಬ್ರೂ ಹೀಗೆ ಆರತಿ ಎತ್ತಿಕೊಳ್ತಾ ಕೂತ್ರೆ ಸಾಯಂಕಾಲಕ್ಕೆ ನನ್ನ ಕೆಲಸ ಹೋಗುತ್ತೆ. ಆಮೇಲೆ ಬಂದು ನಿಮ್ಮ ಮನೇಲೇ ಕೂತ್ಕೊಳ್ತೀನಿ, ನೋಡಿ ಮತ್ತೆ."

ಆ ಕಡೆ ಅಳಿಯ ಗಂಟಲು ಸರಿ ಮಾಡ್ಕೊಂಡ. "ಅತ್ತೆ, ಒಂದು ಮಾತು ಕೇಳ್ತೀನಿ. ಟಿಕ್ ಅನ್ನೋದು ರೇಂಜ್ ಬದಲಾಗೋ ಸದ್ದು. ಅದು ಆಟೋದಲ್ಲಿದೆ. ರೇಂಜ್ ಎಷ್ಟಕ್ಕೆ ಕಟ್ಟಿಹಾಕ್ಲಿ ಅಂತ ಅವತ್ತೇ ನಿಮ್ಮನ್ನ ಕೇಳಿದ್ನಲ್ಲ."

"ಹೂಂ, ಕೇಳಿದ್ರಿ. ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ ಅಂದೆ."

"ನಾನು, ನೀವು ಹೇಳಿದ ಹಾಗೆ ಮಾಡ್ತೀನಿ ಅತ್ತೆ ಅಂದೆ."

"ಅದಕ್ಕೆ ನಾನು, ನನ್ನದೇನಿದೆ, ನಿಮ್ಮಿಷ್ಟ ಅಂದೆ."

"ಅದಕ್ಕೇ ಅತ್ತೆ, ನಾನು ಮೀಟರಿನ ಇಷ್ಟಕ್ಕೇ ಬಿಟ್ಟುಬಿಟ್ಟೆ."

ಚುಕ್ಕಿ ಸ್ಟೂಲ್ ಎಳ್ಕೊಂಡು ಕೂತಳು. "ಅಂದ್ರೆ ನೀವಿಬ್ರೂ ಹೇಳದೇ ಇದ್ದಿದ್ದನ್ನ ಈ ಡಬ್ಬ ಅದರ ಪಾಡಿಗೆ ಹೇಳ್ತಾ ಕೂತಿದೆ" ಅಂದಳು. ಯಾರೂ ನಗಲಿಲ್ಲ, ಅವಳೇ ನಕ್ಕಳು.

ರೇಂಜ್ ಅಂದ್ರೆ ಇಷ್ಟೇ. ಚಿನ್ನ ತೂಗೋಕೆ ಒಂದು ತಕ್ಕಡಿ, ಮೂಟೆ ತೂಗೋಕೆ ಇನ್ನೊಂದು. ಮೀಟರಿನ ಹೊಟ್ಟೇಲಿ ಹೀಗೆ ಹಲವು ತಕ್ಕಡಿ. ಹತ್ತು ವೋಲ್ಟಿನದು ಒಂದು, ನೂರು ವೋಲ್ಟಿನದು ಒಂದು. ಆಟೋ ಅಂದ್ರೆ ಯಾವ ತಕ್ಕಡಿ ಬೇಕು ಅಂತ ಮೀಟರೇ ಆರಿಸ್ಕೊಳ್ಳುತ್ತೆ. ಮುಳ್ಳಿನ ಮೀಟರಿನ ಕಾಲದಲ್ಲಿ ಮುಳ್ಳಕ್ಕ ಮೊದಲು ದೊಡ್ಡ ತಕ್ಕಡಿ ಇಟ್ಟು, ನೋಡ್ಕೊಂಡು ಚಿಕ್ಕದಕ್ಕೆ ಇಳೀತಿದ್ಲು. ಇಲ್ಲಾಂದ್ರೆ ಮುಳ್ಳು ಹೋಗಿ ಕೊನೆಗೆ ಬಡಿದು ಬಾಗೋದು. ಅಷ್ಟೆಲ್ಲಾ ಗೊತ್ತಿದ್ದೂ ಅಳಿಯನ ಮುಂದೆ ತುಟಿ ಬಿಚ್ಚಿರಲಿಲ್ಲ.

"ಅಂಕಿ ಹತ್ತರ ಆಸುಪಾಸಲ್ಲೇ ಆಡ್ತಿದೆ, ಹತ್ತಕ್ಕೇ ಕಟ್ಟೋಣ" ಅಂದಳು ಈಗ. ಪ್ರೋಗ್ರಾಮಲ್ಲಿ ಬರೀಬೇಕಾದ ಸಾಲನ್ನ ಅಳಿಯ ಹೇಳಿದ, ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಗುಂಡಿ ಒತ್ತಿದ್ರೆ, ಟಿಕ್, ಟಿಕ್.

"ಇನ್ನೂ ಅಂತಿದೆ."

"ಇರಿ ಅತ್ತೆ." ಲಿಫ್ಟಿನ ಮೇಲೆ ಕೂತೇ ಯೋಚನೆ ಮಾಡಿದ. "ಅದರ ಕೆಳಗಿನ ಸಾಲಲ್ಲಿ ಏನಿದೆ ಓದಿ." ಅವಳು ಓದಿದಳು. "ಹಾಂ, ನನ್ನ ತಪ್ಪು. ಆ ಸಾಲು ಅಳೆ ಅಂತ ಹೊಸದಾಗಿ ಹುಕುಂ ಕೊಡುತ್ತೆ. ಹೊಸ ಹುಕುಂ ಬಂದ ತಕ್ಷಣ ಮೀಟರು ಹಿಂದೆ ಹೇಳಿದ್ದೆಲ್ಲಾ ಮರೆತು ಮತ್ತೆ ಆಟೋಗೆ ಹೋಗುತ್ತೆ. ಆ ಸಾಲು ಅಳಿಸಿ, ಬರೀ ಓದು ಅನ್ನೋದು ಹಾಕಿ." ನನ್ನ ತಪ್ಪು ಅನ್ನೋದನ್ನ ಅತ್ತೆ ಹತ್ತಿರ ಅವನು ಹೇಳಿದ್ದು ಮದುವೆ ಆದಮೇಲೆ ಅದೇ ಮೊದಲು.

ಅಳಿಸಿದಳು, ಹಾಕಿದಳು, ಒತ್ತಿದಳು. ಟಿಕ್ ನಿಂತುಹೋಯ್ತು. ಆದ್ರೆ ಸ್ಕ್ರೀನ್ ಮೇಲೆ ಬಂದ ಅಂಕಿ ನೋಡಿ ಅಕ್ಕ ತಂಗಿ ಇಬ್ರೂ ಹಿಂದೆ ಸರಿದ್ರು. ಎರಡು ಒಂಬತ್ತು, ಅದರ ಹಿಂದೆ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ, ಇರುವೆ ಸಾಲಿನ ಹಾಗೆ ಹೋಗಿ ಹೋಗಿ ಸ್ಕ್ರೀನಿನ ಅಂಚು ದಾಟಿ ಮಾಯ.

"ಇಷ್ಟು ವೋಲ್ಟು ಈ ಕಿವಿಯಲ್ಲಿದೆಯಾ?" ಚುಕ್ಕಿ ಕೈಯನ್ನ ಮಡಿಲಿಗೆ ಎಳ್ಕೊಂಡಳು. "ನಾನು ಬರಿಗೈಯಲ್ಲಿ ಮುಟ್ಟಿದ್ದೀನಲ್ಲ ಇದನ್ನ."

"ಇಲ್ಲ ಚಿಕ್ಕತ್ತೆ, ಅಷ್ಟು ವೋಲ್ಟು ಮಿಂಚಲ್ಲೂ ಇರಲ್ಲ. ತನ್ನ ಕೈಲಿ ಆಗಲ್ಲ ಅನ್ನೋದನ್ನ ಅದು ಹಾಗೆ ಹೇಳುತ್ತೆ. ಹತ್ತರ ರೇಂಜು ಹನ್ನೆರಡರವರೆಗೂ ಹೇಗೋ ತಡ್ಕೊಳ್ಳುತ್ತೆ, ಹನ್ನೆರಡೂವರೆ ಬಂದ್ರೆ ಕೈ ಎತ್ತಿಬಿಡುತ್ತೆ."

ಮುಳ್ಳಕ್ಕ ಆ ಸೊನ್ನೆಗಳನ್ನೇ ನೋಡ್ತಾ ಇದ್ಲು. ಕೈ ಎತ್ತಿದೆ ಅಂದ್ರೆ ಅಲ್ಲಿ ಹನ್ನೆರಡಕ್ಕಿಂತ ಜಾಸ್ತಿ ಇದೆ ಅಂತಾಯ್ತು. ಎರಡು ದಿನದಿಂದ ಒಂದು ಸಲಾನೂ ಕಣ್ಣಿಗೆ ಬೀಳದ ವೋಲ್ಟು ಅಲ್ಲೇ, ಆ ಬೋರ್ಡಲ್ಲೇ, ತಣ್ಣಗೆ ಕೂತಿದೆ.

ಅವಳು ಬೋರ್ಡಿಂದ ಮೊನೆಗಳನ್ನ ಎತ್ತಿದಳು. ಅಂಕಿ ಸೊನ್ನೆಗೆ ಇಳಿಯುತ್ತೆ ಅಂದ್ಕೊಂಡ್ರೆ ಇಳೀಲೇ ಇಲ್ಲ. ಎರಡು ತಂತಿ ಗಾಳಿಯಲ್ಲಿ ತೇಲಾಡ್ತಿದೆ, ಅಂಕಿ ಅದರ ಪಾಡಿಗೆ ನಿಧಾನಕ್ಕೆ ಏರ್ತಾ ಇಳೀತಾ ಇದೆ. ಅವಳು ಅಂಗೈ ಹತ್ತಿರ ತಂದಳು, ಮುಟ್ಟಲಿಲ್ಲ. ಅಂಕಿ ಸರಿದು ನಿಂತಿತು. ಕೈ ಹಿಂದೆ ತಗೊಂಡಳು, ಅಂಕಿ ವಾಪಸ್ ಹೊರಟಿತು.

"ಇದು ಏನನ್ನೂ ಮುಟ್ಟಿಲ್ಲ. ಆದ್ರೂ ಏನೋ ಹೇಳ್ತಿದೆ" ಅಂದಳು. ದನಿ ತನಗೇ ಗೊತ್ತಿಲ್ಲದ ಹಾಗೆ ಸಣ್ಣಗಾಗಿತ್ತು.

"ಗಾಳೀಲಿರೋದನ್ನ ಮೂಸ್ತಿದೆ ಅತ್ತೆ. ಹತ್ತರ ರೇಂಜು ಹಾಗೇ, ಅಳೆಯೋವಾಗ ಕರೆಂಟು ಕುಡಿಯೋದೇ ಇಲ್ಲ ಅನ್ನಬಹುದು, ಬರೀ ಮೂಸಿ ಹೇಳುತ್ತೆ. ನಿಮ್ಮ ಸೀರೆಯಲ್ಲಿರೋ ಕರೆಂಟೂ ಅದಕ್ಕೆ ಗೊತ್ತಾಗುತ್ತೆ. ನೂರರದ್ದು ಹಾಗಲ್ಲ, ಒಂದು ಗುಟುಕು ಕುಡಿದೇ ಹೇಳೋದು."

ಮುಳ್ಳಕ್ಕ ತಿರುಗಿ ಫೋನನ್ನೇ ನೋಡಿದಳು, ಅಳಿಯ ಅದರೊಳಗೇ ಕೂತಿದ್ದಾನೇನೋ ಅನ್ನೋ ಹಾಗೆ. "ಕುಡಿಯುತ್ತಾ? ಇದೂನಾ? ಮುಳ್ಳಿನ ಮೀಟರ್ ಕುಡೀತಿತ್ತು, ಮುಳ್ಳು ಎಳೆಯೋಕೆ ಶಕ್ತಿ ಬೇಕಲ್ಲ. ಇದಕ್ಕೆ ಮುಳ್ಳೇ ಇಲ್ಲ."

"ತುಂಬಾ ಕಮ್ಮಿ ಅತ್ತೆ. ಗೋಡೆ ಕರೆಂಟಿಗೆ, ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಆದ್ರೆ ನಿಮ್ಮ ಈ ಹೊಸ ಕಿವಿ..."

ಅವನು ಮುಗಿಸೋ ಅಷ್ಟರಲ್ಲಿ ಅವಳಿಗೆ ಹೊಳೆದಿತ್ತು. ಹೊಸ ಕಿವಿಯಲ್ಲಿ ಆ ಜಾಗಕ್ಕೆ ಕರೆಂಟು ಬರೋದೇ ಒಂದು ದೊಡ್ಡ ರೆಸಿಸ್ಟರ್ ದಾಟಿ. ಅಂದ್ರೆ ನಲ್ಲಿ ಪೂರ್ತಿ ಬಿಗಿದು, ಒಂದೊಂದೇ ತೊಟ್ಟು ಬಿಟ್ಟ ಹಾಗೆ. ಅಷ್ಟು ತೆಳ್ಳಗಿನ ಕರೆಂಟಿಗೆ ಗುಟುಕು ಅನ್ನೋದೇ ದೊಡ್ಡ ಮಾತು. ಅವಳು ಟೇಬಲ್ ಮೇಲೆ ಬೆರಳಲ್ಲಿ ಗೀರ್ತಾ ಗೀರ್ತಾ ಜೋರಾಗೇ ಹೇಳ್ಕೊಂಡಳು.

"ಹತ್ತರಲ್ಲಿ ಮೂಸುತ್ತೆ. ಹನ್ನೆರಡು ದಾಟಿದೆ, ನನ್ನ ಕೈಲಿ ಆಗಲ್ಲ ಅಂತ ನೂರಕ್ಕೆ ಹೋಗುತ್ತೆ. ನೂರಕ್ಕೆ ಹೋದ ತಕ್ಷಣ ಕುಡಿಯೋಕೆ ಶುರು ಮಾಡುತ್ತೆ. ಕುಡಿದಿದ್ದಕ್ಕೆ ವೋಲ್ಟು ಕುಸಿಯುತ್ತೆ, ಹತ್ತಕ್ಕಿಂತ ಕೆಳಗೆ. ಅಯ್ಯೋ ಇದು ಚಿಕ್ಕದು, ಇದಕ್ಕೆ ದೊಡ್ಡ ತಕ್ಕಡಿ ಯಾಕೆ ಅಂತ ಮತ್ತೆ ಹತ್ತಕ್ಕೆ ಬರುತ್ತೆ. ಕುಡಿಯೋದು ನಿಲ್ಲುತ್ತೆ. ನಿಂತ ತಕ್ಷಣ ವೋಲ್ಟು ಮತ್ತೆ ಏರುತ್ತೆ."

"ಏರಿ ಹನ್ನೆರಡು ದಾಟುತ್ತೆ" ಅಂದ ಅಳಿಯ.

"ಮತ್ತೆ ಟಿಕ್."

"ಮತ್ತೆ ಟಿಕ್ ಅತ್ತೆ."

ಊರಿನ ಆ ಕಡೆ ಲಿಫ್ಟಿನ ತಲೆ ಮೇಲೆ ಒಬ್ಬ, ಈ ಕಡೆ ಗಾಜಿನ ರೂಮಲ್ಲಿ ಒಬ್ಬಳು. ಜೀವಮಾನವಿಡೀ ಅಳೆಯೋದನ್ನೇ ಕೆಲಸ ಮಾಡ್ಕೊಂಡ ಹೆಂಗಸು ಆವಾಗ ಹೇಗೆ ಕೂತಿದ್ಲು ಅಂದ್ರೆ, ಮೊದಲನೇ ಸಲ ಸಮುದ್ರ ನೋಡಿದ ಮಗು ಹೇಗೆ ಕೂರುತ್ತೋ ಹಾಗೆ. ಬೋರ್ಡಲ್ಲಿ ಏನೂ ಕುಣೀತಿರಲಿಲ್ಲ. ನೋಡೋಕೆ ಹೋಗಿದ್ದೇ ಅದನ್ನ ಕುಣಿಸ್ತಿತ್ತು. ನೋಡದೇ ಇದ್ದಾಗ ಅದು ಸರಿಯಾಗೇ ಇತ್ತು, ಪ್ರತಿ ಸಲ ನೋಡಿದಾಗ್ಲೂ ನೋಡಿದ್ದಕ್ಕೇ ಕೆಟ್ಟಿತ್ತು. ಇಷ್ಟು ಪುಟಾಣಿ ಡಬ್ಬದ ಹೊಟ್ಟೇಲಿ ಇಷ್ಟು ದೊಡ್ಡ ವಿಷಯ ಎರಡು ದಿನದಿಂದ ಟಿಕ್ ಟಿಕ್ ಅಂತ ಬಡ್ಕೊಳ್ತಿತ್ತು. ಯಾರಿಗೂ ಕೇಳಿಸಿರಲಿಲ್ಲ.

"ಅಕ್ಕ," ಅಂದಳು ಚುಕ್ಕಿ, "ಉಸಿರಾಡು."

ಆಮೇಲೆ ಅಳಿಯ ಹೇಳಿದ ಹಾಗೆ ನೂರಕ್ಕೆ ಕಟ್ಟಿದಳು. ಒಂದೇ ಒಂದು ಟಿಕ್, ಅಷ್ಟೇ. ಅಂಕಿ ಇಳಿದು ಒಂಬತ್ತೂಮುಕ್ಕಾಲಿಗೆ ಬಂದು ಕೂತ್ಕೊಳ್ತು. ಅಲ್ಲಾಡಲಿಲ್ಲ. ಅಳಿಯ ಅಲ್ಲೇ ಲೆಕ್ಕ ಹಾಕಿದ. ಮೀಟರು ಎಷ್ಟು ಕುಡಿಯುತ್ತೆ ಅನ್ನೋದು ಅದರ ಪುಸ್ತಕದಲ್ಲೇ ಇದೆ, ರೆಸಿಸ್ಟರ್ ಎಷ್ಟು ಅನ್ನೋದು ಬೋರ್ಡಿನ ನಕ್ಷೆಯಲ್ಲಿದೆ. ಹನ್ನೆರಡೂವರೆಯಿಂದ ಮೀಟರು ತನ್ನ ಪಾಲು ಕುಡಿದ್ರೆ ಉಳಿಯೋದು ಒಂಬತ್ತೂಮುಕ್ಕಾಲೇ. ಹಾಗಾಗಿ ಹೊಸ ಕಿವಿಗೆ ಹಸಿರು ಕೊಡಬೇಕಾಗಿದ್ದು ಆ ಅಂಕಿಗೆ, ಪ್ರೋಗ್ರಾಮಲ್ಲೂ ಹಾಗೇ ತಿದ್ದಿದಳು.

ಕಂಪ್ರೆಸರ್ ಮತ್ತೆ ಶುರುವಾದಾಗ ಓನರ್ ಮೇಲೆ ಬಂದ. ಮುಳ್ಳಕ್ಕ ಎಲ್ಲಾ ಹೇಳಿದಳು. ಆತ ಪೂರ್ತಿ ಕೇಳಿದ, ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ, ಆಮೇಲೆ ಮೆತ್ತಗೆ ಕೇಳಿದ: "ಮುಳ್ಳಕ್ಕಾ, ಹನ್ನೆರಡೂವರೆ ಇರ್ಬೇಕಾದ ಕಡೆ ಒಂಬತ್ತೂಮುಕ್ಕಾಲು ಬಂದ್ರೆ ಪಾಸು ಅಂತೀರಿ. ಬೆಸುಗೆ ಹಾಕಿದೋರು ನಿಮ್ಮ ತಂಗಿ. ನನ್ನ ಜಾಗದಲ್ಲಿ ನೀವಿದ್ರೆ ಏನಂತಿದ್ರಿ?"

ಪ್ರಶ್ನೆ ಸರಿಯಾಗೇ ಇತ್ತು. ಮುಳ್ಳಕ್ಕನಿಗೆ ಕೋಪ ಬರಲಿಲ್ಲ. "ನಾನೂ ಒಪ್ತಿರಲಿಲ್ಲ ಸಾರ್. ಎಲ್ಲಾ ಬೋರ್ಡೂ ನೀವೇ ಇಡಿ, ನೀವೇ ಒತ್ತಿ. ನಾವಿಬ್ರೂ ಆ ಕಡೆ ನಿಂತಿರ್ತೀವಿ."

ಓನರ್ ಕೂತ. ಫೇಲ್ ಆದ ಟ್ರೇ ಎಳ್ಕೊಂಡು ಒಂದೊಂದೇ ಇಟ್ಟು ಒತ್ತಿದ. ಒಂಬತ್ತೂಮುಕ್ಕಾಲು. ಒಂಬತ್ತೂಮುಕ್ಕಾಲು. ಶಾಲೆ ಮಕ್ಕಳು ಸಾಲಲ್ಲಿ ನಿಂತ ಹಾಗೆ ಒಂದೂ ಆಚೀಚೆ ಇಲ್ಲ. ಟ್ರೇ ಮುಗಿಯೋಕೆ ಬಂದಾಗ ಒಂದು ಬೋರ್ಡಲ್ಲಿ ಅಂಕಿ ಮೇಲೆ ಕೆಳಗೆ ಆಡ್ತು. ಮೀಟರು ಟಿಕ್ ಅಂದಿರಲಿಲ್ಲ. ಸ್ಕ್ರೀನ್ ಕೆಂಪಾಯ್ತು.

ಓನರ್ ತಲೆ ಎತ್ತಿದ. ಚುಕ್ಕಿ ಮುಂದೆ ಬಂದು ಬೋರ್ಡನ್ನ ಎತ್ಕೊಂಡು ಕಿಟಕಿ ಬೆಳಕಿಗೆ ಹಿಡಿದಳು, ಉಗುರಿನ ತುದಿಯಲ್ಲಿ ಒಂದು ಬೆಸುಗೆಯನ್ನ ಮೀಟಿದಳು. ಅದು ಕೂದಲೆಳೆಯಷ್ಟು ಅಲುಗಾಡ್ತು.

"ಇದು ನನ್ನದೇ ಸಾರ್. ಇದು ಕೆಟ್ಟದ್ದೇ. ಟೀ ಬಂತು ಅಂತ ಯಾರೋ ಕೂಗಿದಾಗ ಹಾಕಿದ್ದಿರ್ಬೇಕು. ಕೊಡಿ ಇಲ್ಲಿ, ಸರಿ ಮಾಡ್ತೀನಿ."

ಅದನ್ನ ಕೇಳಿ ಓನರ್ ಮುಖದಲ್ಲಿ ಏನೋ ಸಡಿಲಾಯ್ತು. ಕೆಟ್ಟಿದ್ದನ್ನ ಕೆಟ್ಟದ್ದು ಅಂತ ಹಿಡಿಯೋ ಪರೀಕ್ಷೆ, ಒಳ್ಳೇದನ್ನ ಒಳ್ಳೇದು ಅಂದಾಗ ನಂಬೋಕಾಗುತ್ತಲ್ಲ. ಆದ್ರೂ ಇನ್ನೊಂದು ಬಾಕಿ ಇತ್ತು. ಕಿವಿ ಅಂದ ಮೇಲೆ ಕೇಳಿಸಬೇಕು. ಫೇಲ್ ಅಂತ ಎತ್ತಿಟ್ಟಿದ್ದ ಒಂದು ಬೋರ್ಡನ್ನ ಡಬ್ಬಿಗೆ ಹಾಕಿ, ಹೆಡ್‌ಫೋನ್ ಸಿಕ್ಕಿಸಿ, ಮೂವರೂ ಕೆಳಗಿಳಿದು ಹಿಂದಿನ ಅಂಗಳಕ್ಕೆ ಹೋದ್ರು. ಡಬ್ಬೀನ ಸಿಮೆಂಟ್ ನೆಲದ ಮೇಲೆ ಇಟ್ರು.

ಮೊದಲು ಓನರ್ ಹಾಕ್ಕೊಂಡ. ಪೆನ್ನು ಹಿಡಿದಿದ್ದ ಕೈ ಹಾಗೇ ನಿಂತುಹೋಯ್ತು. ಆಮೇಲೆ ಹೆಡ್‌ಫೋನ್ ತೆಗೆದು ಮುಳ್ಳಕ್ಕನಿಗೆ ಕೊಟ್ಟ.

ಅವಳು ಇಷ್ಟು ವರ್ಷ ಕಿವಿಗಳ ವೋಲ್ಟು ಅಳೆದಿದ್ದಳೇ ಹೊರತು ಒಂದು ಸಲಾನೂ ಕಿವಿ ಹಾಕಿ ಕೇಳಿರಲಿಲ್ಲ, ಅದು ಕೆಳಗಿನೋರ ಕೆಲಸ. ಹಾಕ್ಕೊಂಡಳು. ಕಾಲಡಿಯ ಗಟ್ಟಿ ನೆಲ ತೆಳ್ಳಗಾಗಿ ಬಾಗಿಲಾಗಿಹೋಯ್ತು. ಎಲ್ಲೋ ಆಳದಲ್ಲಿ ನೀರು ಹೋಗ್ತಿತ್ತು, ಹೋಗ್ತಾನೇ ಇತ್ತು, ಕತ್ತಲಲ್ಲಿ ಯಾರೋ ರೇಷ್ಮೆ ಎಳೀತಿರೋ ಹಾಗೆ. ಅದರ ಮೇಲೆ ಗೋಡೆ ಆಚೆ ಬೀದಿಯಲ್ಲಿ ನಡೆಯೋರ ಹೆಜ್ಜೆ, ಒಂದು ಭಾರದ್ದು, ಒಂದು ಮಗುವಿನದು, ಮಗು ಎರಡು ಹೆಜ್ಜೆಗೊಮ್ಮೆ ಕುಪ್ಪಳಿಸ್ತಿತ್ತು. ಕಟ್ಟಡದ ಯಾವುದೋ ಮೂಲೆಯಲ್ಲಿ ಒಂದು ನಲ್ಲಿ ತೊಟ್ಟಿಕ್ತಿತ್ತು, ಪ್ರತಿ ತೊಟ್ಟೂ ಕೊಳಕ್ಕೆ ಕಲ್ಲು ಬಿದ್ದ ಹಾಗೆ. ಕಣ್ಣಿಗೆ ಕಾಣೋ ಲೋಕದ ಕೆಳಗೆ ಇನ್ನೊಂದು ಲೋಕ ಯಾರ ಅಪ್ಪಣೆಗೂ ಕಾಯದೆ ಹರೀತಿತ್ತು. ಅದನ್ನ ಕೇಳಿಸ್ತಿದ್ದದ್ದು ಅಷ್ಟು ತೆಳ್ಳಗಿನ ಕರೆಂಟು, ಒಂದು ಗುಟುಕಿಗೆ ಕುಸಿಯೋವಂಥದ್ದು. ಆ ಕರೆಂಟನ್ನ ಚೆಲ್ಲದ ಹಾಗೆ ಹಿಡಿದಿದ್ದು ತಂಗಿ ಕೈ ಹಾಕಿದ ಸೀಸದ ಹನಿಗಳು.

ಅವಳು ಹೆಡ್‌ಫೋನ್ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಸೆರಗಲ್ಲಿ ಒರೆಸ್ಕೊಂಡು, ಧೂಳು ಅಂದ್ಲು. ಯಾರೂ ಕೇಳಿರಲಿಲ್ಲ.

"ಚುಕ್ಕಿ ಅವ್ರೇ," ಅಂದ ಓನರ್, ಪೆನ್ನನ್ನ ಜೇಬಿಗೆ ಹಾಕ್ಕೊಂಡು, "ನಿಮ್ಮ ಟೇಬಲ್ಲಿಗೆ ಹೋಗಿ. ನಾನು ಆಡಿದ್ದನ್ನ ಮನಸ್ಸಿಗೆ ಹಾಕ್ಕೋಬೇಡಿ."

"ಹಾಕ್ಕೊಂಡಾಗಿದೆ ಸಾರ್. ನಿಧಾನಕ್ಕೆ ತೆಗೀತೀನಿ" ಅಂದಳು ಚುಕ್ಕಿ. ಓನರ್ ನಕ್ಕು ಒಳಗೆ ಹೋದ.

ಅಕ್ಕ ತಂಗಿ ಮೆಟ್ಟಿಲು ಹತ್ತೋಕೆ ಶುರು ಮಾಡಿದ್ರು. ಅರ್ಧ ಹತ್ತಿದ ಮೇಲೆ ಚುಕ್ಕಿ ಪಕ್ಕದ ಕಂಬಿ ಹಿಡಿದು ನಿಂತಳು.

"ಅಕ್ಕ, ಒಂದು ಕೇಳ್ತೀನಿ. ಮೀಟರ್ ಹೇಳಿದ್ದನ್ನ ಬಿಡು. ನನ್ನ ಕೈ ಹೋಯ್ತು ಅಂತ ನೀನೂ ಅಂದ್ಕೊಂಡಿದ್ಯಾ?"

ಮುಳ್ಳಕ್ಕ ಒಂದು ಮೆಟ್ಟಿಲು ಕೆಳಗೆ ನಿಂತಿದ್ದಳು. ಇಲ್ಲ ಅಂದುಬಿಡಬಹುದಿತ್ತು. "ಹೂಂ" ಅಂದಳು. "ನೀನು ನೀರು ಕುಡಿಯೋವಾಗೆಲ್ಲಾ ಲೋಟ ನೋಡ್ತಿದ್ದೆ."

"ಗೊತ್ತು ನಂಗೆ. ನೀನು ಹಾಗೆ ದಿಟ್ಟಿಸಿ ನೋಡ್ತಿದ್ದಕ್ಕೇ ನಿನ್ನೆ ಸೀರೆ ಮೇಲೆ ಚೆಲ್ಕೊಂಡೆ."

ಅಕ್ಕ ತಲೆ ತಗ್ಗಿಸಿದಳು. ತಂಗಿ ಇನ್ನೆರಡು ಮೆಟ್ಟಿಲು ಹತ್ತಿ, ತಿರುಗದೇ ಹೇಳಿದಳು: "ಒಂದು ತಿಂಗಳು ಪಾತ್ರೆ ನೀನೇ ತೊಳೀಬೇಕು. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ನಿನ್ನ ಕೈ ನೋಡ್ತಾ ಕೂತಿರ್ತೀನಿ."

"ಆಯ್ತು" ಅಂದಳು ಮುಳ್ಳಕ್ಕ.

ಮೇಲೆ ಹೋಗಿ ಚುಕ್ಕಿ ತನ್ನ ಜಾಗದಲ್ಲಿ ಕೂತು, ದೀಪ ಎಳ್ಕೊಂಡು, ಆ ಒಂದು ಕೆಟ್ಟ ಬೋರ್ಡನ್ನ ಎದುರಿಗಿಟ್ಟು ಬೆಸುಗೆ ಕಡ್ಡಿ ಬಿಸಿಯಾಗೋಕೆ ಕಾದಳು. ಗಾಜಿನ ಗೋಡೆ ಆಚೆ ಮುಳ್ಳಕ್ಕ ತನ್ನ ಕುರ್ಚಿಯನ್ನ ತಿರುಗಿಸ್ಕೊಂಡು, ತಂಗಿ ಕೈ ಕಣ್ಣಿಗೆ ಬೀಳದ ಹಾಗೆ ಬೆನ್ನು ಮಾಡಿ ಕೂತಳು.